ತೊಣ್ಣೂರು ಮೂಟೆ

“ಕಳ್ಳಮುಂಡೆ, ಎಂಟ್ನೂರ ಹತ್ತು ಮೂಟೆ ಎಲ್ಲಿಗೆ ಸಾಗಿಸ್ದೆ, ಬೊಗಳು.”

ನೂಲಿನ ಧಣಿ ಮೊದಲಾಳಿ ಬಾಲಸುಬ್ರಮಣಿಯನ್ ಕನ್ನಡಕ್ಕಿಳಿದನೆಂದರೆ ಗ್ರಹಚಾರ ಕೆಟ್ಟಿದೆ ಎಂದು ತಮಿಳುನಾಡಿನ ಪಲ್ಲಡಂ ಗೋಡೌನಿನ ಹೆಂಗಸರಿಗೆಲ್ಲ ಗೊತ್ತು. ಅವನಿಗೆ ವ್ಯಾಪಾರಕ್ಕೆ ತಮಿಳು, ಬ್ಯಾಂಕಿನವರ ಮುಂದೆ ಇಂಗ್ಲಿಷು. ಬೈಯುವುದಕ್ಕೆ ಮಾತ್ರ ಮನೆಮಾತೇ ಬೇಕು. ಎದುರು ನಿಂತು ಬೈಸಿಕೊಳ್ಳುತ್ತಿದ್ದ ಅಂಗಮ್ಮನದೂ ಅದೇ ಮನೆಮಾತು. ಅವಳ ಗಂಡನೂ ಇವನ ಅಪ್ಪನೂ ಒಂದೇ ಬೀದಿಯ ನೇಕಾರರು. ಇವನ ಮನೆಯ ಎರಡು ಪವರ್‌ಲೂಮು ಮೂವತ್ತಾದವು, ಅವಳ ಮನೆಯವು ತೂಕಕ್ಕೆ ಗುಜರಿ ಸೇರಿದವು. ಈಗ ಅಂಗಮ್ಮ ಏಳು ಹೆಂಗಸರನ್ನು ಕಟ್ಟಿಕೊಂಡು ಇವನ ನೂಲಿನ ಮೂಟೆಗಳನ್ನು ಲಾರಿಗೆ ಏರಿಸುತ್ತಾಳೆ. ಒಂದೊಂದು ಮೂಟೆ ಐವತ್ತು ಕಿಲೋ.

ಎಂಟು ವರ್ಷದಲ್ಲಿ ಅವಳು ಆ ಏಸಿ ರೂಮಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಎದುರಿಗೆ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಗುಮಾಸ್ತ ಸಚಿನ್ ಕೂತಿದ್ದ, ಇನ್ನೊಂದರ ಮೇಲೆ ಮೊದಲಾಳಿಯ ಊಟದ ಕ್ಯಾರಿಯರ್ ಕೂತಿತ್ತು. ಅಂಗಮ್ಮ ನಿಂತೇ ಇದ್ದಳು.

ಸಂಗತಿ ಇಷ್ಟು. ಆರು ದಿನದ ಹಿಂದೆ ನವನೀತನ್ ಎಂಬ ಡ್ರೈವರು ಇವರ ನೂಲು ಹೇರಿಕೊಂಡು ಬಾಂಗ್ಲಾದೇಶದ ಗಡಿಗೆ ಹೊರಟಿದ್ದ. ಲಾರಿ ಹೊರಡುವ ಮುಂಚೆಯೇ ಅದರ ನಂಬರು, ಮಾಲು, ಮೂಟೆಯ ಸಂಖ್ಯೆ ಎಲ್ಲವನ್ನೂ ಇಲ್ಲಿಂದಲೇ ಸರ್ಕಾರದ ಕಂಪ್ಯೂಟರಿಗೆ ತುಂಬಬೇಕು. ಗಡಿಯ ಅಧಿಕಾರಿ ತನ್ನ ಪರದೆ ನೋಡಿದರೆ ಒಂಬೈನೂರು ಮೂಟೆ, ಲಾರಿ ನೋಡಿದರೆ ತೊಂಬತ್ತು. ಟಾರ್ಪಾಲು ಬಿಚ್ಚಿಸಿದರಂತೆ, ಕ್ಯಾಬಿನ್ ತಡಕಿದರಂತೆ. ಕೊನೆಗೆ ಸೀಟಿನ ಕೆಳಗೆ ನವನೀತನ್‌ನ ಒಂದು ಹಳೇ ಲುಂಗಿ ಸಿಕ್ಕಿತಂತೆ. ಆ ಲಾರಿಯಲ್ಲಿ ಒಂಬೈನೂರು ಮೂಟೆ ಹಿಡಿಯಬೇಕಾದರೆ ಅದರ ಮೇಲೆ ಇನ್ನೂ ಒಂಬತ್ತು ಲಾರಿ ಪೇರಿಸಬೇಕು. ಅದು ಅಧಿಕಾರಿಗೂ ಗೊತ್ತು, ಮೊದಲಾಳಿಗೂ ಗೊತ್ತು. ಆದರೆ ಪರದೆಯ ಮೇಲೆ ಬಂದದ್ದನ್ನು ಸುಳ್ಳು ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ನಾ ಸರಿಯಾಗೇ ಹೇಳ್ದೆ ಮೊದಲಾಳಿ. ಏರ್ಸಿ ಮುಗಿಸಿ, ಈ ತಂಬಿ ಹತ್ರ ಬಂದು, ತೊಣ್ಣೂರು ಮೂಟೆ ಅಂದೆ. ಅವನು ‘ತೊಣ್ಣೂರಾ?’ ಅಂತ ಇನ್ನೊಂದು ಸಲ ಕೇಳ್ದ. ಆಮಾ ತಂಬಿ, ತೊಣ್ಣೂರು ಅಂದೆ.”

ಸಚಿನ್ ದಾವಣಗೆರೆಯ ಹುಡುಗ, ಬಂದು ಮೂರು ವಾರವಾಗಿತ್ತು. ಅಂಗಮ್ಮ ತನ್ನೊಡನೆ ಆಡುವುದೆಲ್ಲ ಕನ್ನಡವೇ ಎಂದು ಅವನು ಖುಷಿಯಾಗಿ ನಂಬಿದ್ದ. ಮಾತು ಕನ್ನಡವಾದರೂ ಅವಳ ಎಣಿಕೆ ತಮಿಳಿನದು, ಅವಳು ಓದಿದ ಐದು ಕ್ಲಾಸೂ ತಮಿಳೇ. ಅವನ ಮುಖ ಮೆಲ್ಲಗೆ ಬಿಳಿಚಿಕೊಂಡಿತು.

“ಅಕ್ಕಾ, ತೊಣ್ಣೂರು ಅಂದ್ರೆ ಒಂಬೈನೂರು ಅಲ್ವಾ?”

ಏಳು ಹೆಂಗಸರಲ್ಲೊಬ್ಬಳು, ಬಾಗಿಲಾಚೆ ಕಿವಿಕೊಟ್ಟು ನಿಂತಿದ್ದ ತಮಿಳ್‌ಸೆಲ್ವಿ ಕಿಸಕ್ಕನೆ ನಕ್ಕಳು. ಅಂಗಮ್ಮನಿಗೂ ನಗು ಬಂತು; ತಮಿಳಿನಲ್ಲಿ ಅದು ಬರೀ ತೊಂಬತ್ತು. ಕಳ್ಳತನದ ಮಾತು ಹೀಗೆ ಹೂವೆತ್ತಿದಷ್ಟು ಸುಲಭವಾಗಿ ಹೋಯಿತಲ್ಲ ಎಂದು ಅವಳಿಗೆ ಹಾಯೆನಿಸಿತು.

ಮೊದಲಾಳಿ ನಗಲಿಲ್ಲ. ಆಫೀಸಿನ ತಪ್ಪು ಎಂದು ಬರೆದರೆ ಕಂಪನಿಗೆ ಕಪ್ಪುಚುಕ್ಕೆ ಬೀಳುತ್ತದೆ, ಮುಂದಿನ ಪ್ರತಿ ಲಾರಿಯನ್ನೂ ಬಿಚ್ಚಿ ನೋಡುತ್ತಾರೆ ಎಂದು ಸಚಿನ್‌ಗೆ ತಿಳಿಹೇಳಿದ. ಆಳುಗಳು ಕದ್ದರು ಎಂದರೆ ಯಾರಿಗೂ ಏನೂ ಆಗುವುದಿಲ್ಲವಂತೆ. ತಮಿಳಿನಲ್ಲಿ ಟೈಪು ಮಾಡಿಟ್ಟ ಹಾಳೆಯೊಂದನ್ನು ಅಂಗಮ್ಮನತ್ತ ತಳ್ಳಿ, ಪಕ್ಕದಲ್ಲಿ ಇಂಕ್ ಪ್ಯಾಡ್ ತೆರೆದಿಟ್ಟ.

“ಒತ್ತು.”

ತನಗೆ ಸಹಿ ಬರುತ್ತದೆ ಎಂದಳು. ಓದಲೂ ಬರುತ್ತಿತ್ತು, ಓದಿದಳು. ತಾನೂ ತನ್ನ ಏಳು ಹೆಂಗಸರೂ ಸೇರಿ ಎಂಟುನೂರ ಹತ್ತು ಮೂಟೆ ಕದ್ದು ಮಾರಿಕೊಂಡಿದ್ದೇವೆ ಎಂದಿತ್ತು. ಈ ಹಾಳೆ ಒಂದು ಸಲ ಆಚೆ ಹೋದರೆ ಪಲ್ಲಡಂನಿಂದ ತಿರುಪ್ಪೂರಿನವರೆಗೆ ಯಾವ ಗೋಡೌನಿನ ಬಾಗಿಲೂ ಈ ಎಂಟು ಜನಕ್ಕೆ ತೆರೆಯುವುದಿಲ್ಲ.

“ಕದ್ದಿಲ್ಲ ಮೊದಲಾಳಿ. ಒತ್ತಲ್ಲ.”

“ಸಾಯಂಕಾಲದೊಳ್ಗೆ ಒತ್ತಿಲ್ಲಾಂದ್ರೆ ಪೊಲೀಸ್ನೋರು ಬಂದು ಒತ್ತಿಸ್ಕೋತಾರೆ. ನಿನ್ ಬಾಯಿಲೆಕ್ಕ ಯಾವಳಿಗೆ ಬೇಕು? ಕಂಪ್ಯೂಟರ್ ಎಷ್ಟು ಹೇಳುತ್ತೋ ಅಷ್ಟು ಏರ್ಸೋದು ನಿನ್ ಕೆಲಸ. ಹೋಗ್, ಆಚೆ ಲಾರಿ ಕಾಯ್ತಾ ಅದೆ.”

ಆಚೆ ಎರಡನೇ ಲಾರಿ ಬೆನ್ನು ತಿರುಗಿಸಿಕೊಂಡು ಆಫೀಸಿನ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ ನಿಂತಿತ್ತು. ಅದರ ಡ್ರೈವರು ಚೀಟಿ ಕೊಟ್ಟ. ಸಚಿನ್ ನಿನ್ನೆಯೇ ಹಳೇ ಅರ್ಜಿಯನ್ನು ನಕಲು ಮಾಡಿ, ಲಾರಿ ನಂಬರೊಂದನ್ನು ಬದಲಿಸಿ ಕಳಿಸಿಬಿಟ್ಟಿದ್ದ. ಚೀಟಿಯಲ್ಲಿ ಒಂಬೈನೂರು ಮೂಟೆ ಎಂದೇ ಇತ್ತು. ಅಂಗಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಹೆಂಗಸರನ್ನು ಕರೆದು, ಒಳಗಿನ ಹಾಳೆಯಲ್ಲಿ ಏನಿದೆ ಎಂದೂ, ಮೊದಲಾಳಿ ಏನು ಅಪ್ಪಣೆ ಕೊಡಿಸಿದ್ದಾನೆ ಎಂದೂ ಒಂದಕ್ಷರ ಬಿಡದೆ ಹೇಳಿದಳು. ಅಪ್ಪಣೆ ಅಂದಮೇಲೆ ಮೀರಬಾರದು ಎಂದು ತಮಿಳ್‌ಸೆಲ್ವಿ ಸೆರಗು ಬಿಗಿದಳು.

ಇಬ್ಬಿಬ್ಬರು ಒಂದೊಂದು ಮೂಟೆಗೆ ಕೈ ಹಾಕಿದರು. ಎರಡು ಗಂಟೆ ಹೊತ್ತಿಗೆ ತೊಂಬತ್ತಾಯಿತು, ಲಾರಿ ತುಂಬಿತು. ಡ್ರೈವರು ಟಾರ್ಪಾಲು ಎಳೆಯಲು ಹೋದ. ಇನ್ನೂ ಎಂಟುನೂರ ಹತ್ತು ಬಾಕಿ ಇದೆ, ಪಕ್ಕಕ್ಕೆ ಕೂತು ಬೀಡಿ ಸೇದಪ್ಪ ಎಂದು ಅವನನ್ನು ಕಳಿಸಿದರು. ತೊಂಬತ್ತೊಂದನೇ ಮೂಟೆ ಲಾರಿಯ ಹಿಂದೆ ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು, ಮೇಲೊಂದು. ಸಾಲು ಬೆಳೆಯುತ್ತ ಬಂದು ಆಫೀಸಿನ ಬಾಗಿಲಿಗೆ ತಾಗಿ ನಿಂತಿತು. ಆ ಬಾಗಿಲು ಹೊರಕ್ಕೆ ತೆರೆಯುವಂಥದು. ಒಳಗೆ ಸಚಿನ್ ಇದ್ದ, ಮೊದಲಾಳಿ ಉಂಡು ಕಣ್ಣು ಮುಚ್ಚಿದ್ದ.

ಎದ್ದು ಬಾಗಿಲು ತಳ್ಳಿದ, ಜಗ್ಗಲಿಲ್ಲ. ಭುಜ ಕೊಟ್ಟು ತಳ್ಳಿದ. ಕನ್ನಡದಲ್ಲಿ ಬೈದ, ಬೇಕಾದಷ್ಟು ಬೈದ, ಅಂಗಮ್ಮನ ಹೆತ್ತವಳನ್ನೂ ಬಿಡಲಿಲ್ಲ. ಹೆಂಗಸರು ಬೈಗುಳಕ್ಕೊಂದು ಮೂಟೆ ಇಟ್ಟರು. ಅಂಗಮ್ಮನ ಸೊಂಟ ಹಿಡಿದುಕೊಂಡಿತ್ತು, ಅಂಗೈ ಸುಲಿದಿತ್ತು. ಆದರೂ ಇಷ್ಟು ಹಗುರಾಗಿ ಅವಳು ಎಂದೂ ಮೂಟೆ ಎತ್ತಿದವಳಲ್ಲ.

ಮೂಟೆಗಳು ಕಿಟಕಿಯ ಮಟ್ಟಕ್ಕೆ ಬಂದಾಗ ಗಾಜು ಸರಿಯಿತು. ಮೊದಲಾಳಿಗೆ ಆಗಲೇ ತಮಿಳು ಬಂದಿತ್ತು, ಅದೂ ಬಹುವಚನದ ತಮಿಳು. ಅಂಗಮ್ಮನವರು ಸ್ವಲ್ಪ ನಿಲ್ಲಿಸಬೇಕು, ಸಚಿನ್ ಈಗಲೇ ಎರಡೂ ಲಾರಿಯ ಲೆಕ್ಕ ತಿದ್ದುತ್ತಾನೆ ಎಂದ. ಸಚಿನ್ ಕೂತು ಕೀಲಿ ಒತ್ತಿದ. ತಿದ್ದುಪಡಿಗೆ ಕಾರಣ ತುಂಬಬೇಕು ಸಾರ್, ಇಲ್ಲದಿದ್ದರೆ ಮುಂದಕ್ಕೆ ಹೋಗಲ್ಲ ಎಂದ. ಆಳುಗಳ ಎಣಿಕೆ ತಪ್ಪು ಅಂತ ಹಾಕು ಎಂದು ಮೊದಲಾಳಿ ಮೆಲ್ಲಗೆ ಹೇಳಿದ.

ಅಂಗಮ್ಮನಿಗೆ ಕೇಳಿಸಿತು. ಅವಳು ಮೂಟೆಯ ಮೇಲೆ ಮೊಣಕೈ ಊರಿ ಒಳಗೆ ಬಗ್ಗಿದಳು.

“ತಂಬಿ, ಆಫೀಸಿನ ತಪ್ಪು ಅಂತ ಬರೆ. ಬರೆದು ನಂಗೆ ಓದಿ ಹೇಳು. ಗೋಡೌನಲ್ಲಿ ಮೂಟೆ ಇನ್ನೂ ಇದ್ದಾವೆ.”

ಸಚಿನ್ ಮೊದಲಾಳಿಯ ಮುಖ ನೋಡಿದ, ಅಂಗಮ್ಮನ ಮುಖ ನೋಡಿದ. ಅವನ ಬೆರಳು ಕೀಲಿಗಳ ಮೇಲೆಯೇ ನಿಂತಿತ್ತು. ಅಂಗಮ್ಮ ತಿರುಗಿ ತಮಿಳ್‌ಸೆಲ್ವಿಗೆ ಕಣ್ಸನ್ನೆ ಮಾಡಿದಳು.

ಇಬ್ಬರೂ ಸೇರಿ ಮುಂದಿನ ಮೂಟೆಯನ್ನು ಎತ್ತಿ ಕಿಟಕಿಗೆ ಅಡ್ಡ ಇಟ್ಟರು. ಆಚೆ ಇನ್ನೂ ಬಿಸಿಲಿರುವಾಗಲೇ, ಕತ್ತಲಾದ ರೂಮಿನೊಳಗೆ ಯಾರೋ ಲೈಟು ಹಾಕಿದ ಸದ್ದಾಯಿತು.