ಹಿಂದಿನ ಸೀಟಿನ ಅಳತೆ

ನೀರಲ್ಲಿ ನೆನೆದು ಮೂಲೆಯೆಲ್ಲ ಕರಗಿದ ಸೋಪಿನ ಬಿಲ್ಲೆ, ಥೇಟ್ ಅದೇ, ಮೈಸೂರು ರಸ್ತೆಯ ಮೇಲೆ ಜಾರಿಹೋಯಿತು, ಹಸಿರೋ ನೀಲಿಯೋ ತಿಳಿಯುವಷ್ಟರಲ್ಲಿ ಬರೀ ಧೂಳು, ಹೊಸ ನಮೂನೆ ಕಾರು, ಈ ತಿಂಗಳಲ್ಲಿ ಹುಣಸೂರು ದಾಟಿಹೋದ ಮೂರನೆಯದು, ದೀಪ ಎಲ್ಲಿತ್ತು ಅದಕ್ಕೆ, ಕೆನ್ನೆಯೊಳಗೆ ಹುದುಗಿಸಿಬಿಟ್ಟಿದ್ದಾರೆ, ಮಡ್‌ಗಾರ್ಡು ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರುವಾಯಿತು, ಹತ್ತುವವರು ಕಾಲು ಎಲ್ಲಿಡಬೇಕು – ಫುಟ್‌ಬೋರ್ಡೇ ಇಲ್ಲ, ಬಾಗಿಲಿಗೆ ಬಂದವರನ್ನು ಬನ್ನಿ ಅನ್ನದ ಮನೆಯ ಹಾಗೆ. ಕಂಠಪ್ಪ ಶೆಡ್ಡಿನ ಹೊಸ್ತಿಲ ಮೇಲೆ ಕೂತು ತೊಡೆಯ ಮೇಲಿನ ಪುಟ್ಟ ಮರದ ಕಾರಿಗೆ ಧೂಳು ಬೀಳದಂತೆ ಅಂಗೈ ಅಡ್ಡ ಹಿಡಿದ, ಮುಂದಿನ ಅರ್ಧಕ್ಕೆ ಮಾತ್ರ, ಹಿಂದಿನ ಅರ್ಧವನ್ನು ನೆನ್ನೆ ತಾನೇ ಗರಗಸದಲ್ಲಿ ಕುಯ್ದು ತೆಗೆದಾಗಿದೆ, ಅಲ್ಲೀಗ ಬರಿಯ ತೇಗದ ತುಂಡು. ಬೆನ್ನ ಹಿಂದೆ, ಶೆಡ್ಡಿನ ಮಬ್ಬಿನಲ್ಲಿ, ನಿಜವಾದ ಆಸ್ಟಿನ್ ನಿಂತಿದೆ, ಮರದ ಡಿಪೋದ ಶಿವನಂಜಪ್ಪ ಸಾಹುಕಾರರ ಆಸ್ಟಿನ್, ಮೂವತ್ತನಾಲ್ಕರಲ್ಲಿ ಬಂದದ್ದು, ಈಗ ಐವತ್ತೆಂಟು, ಸಾಹುಕಾರರು ಹೋಗಿಯೇ ಮೂರು ವರ್ಷ, ಇಪ್ಪತ್ತನಾಲ್ಕು ವರ್ಷ ಅದರ ಸ್ಟೇರಿಂಗು ಹಿಡಿದ ಕೈ ಇದು, ಸಂಜೆ ಕೆ.ಆರ್. ನಗರದಿಂದ ದೇವಯ್ಯನ ಲಾರಿ ಬರುತ್ತದೆ, ಇಂಜಿನ್ನು ಬಿಚ್ಚಿ ಅವನ ಹಿಟ್ಟಿನ ಗಿರಣಿಗೆ, ಮಿಕ್ಕಿದ್ದು ಗುಜರಿಗೆ, ಸಾಹುಕಾರರ ಮಗ ನಂಜಣ್ಣ ಮಾತು ಕೊಟ್ಟಾಗಿದೆ, ಅಷ್ಟರೊಳಗೆ ಹಿಂದಿನ ಸೀಟಿನ ಅಳತೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ. ಎರಡು ತಿಂಗಳ ಹಿಂದೆ, ಕಾರು ಹೋಗುತ್ತದೆಂದು ಕೇಳಿದ ದಿನವೇ ಉಳಿ ಹಿಡಿದದ್ದು, ಅಡಿಗೆ ಒಂದು ಇಂಚಿನ ಲೆಕ್ಕ, ಟೇಪು ಯಾಕೆ, ದಿನಾ ಮುಟ್ಟಿದ್ದನ್ನು ಯಾರಾದರೂ ಅಳೆಯುತ್ತಾರೆಯೇ ಎಂಬ ಜಂಬ, ಬಾನೆಟ್ಟಿಗೆ ಡಿಪೋದ ಬೀಟೆ ಚಕ್ಕೆ, ದೀಪಕ್ಕೆ ಔಷಧಿ ಬಾಟಲಿಯ ತಗಡಿನ ಮುಚ್ಚಳ, ಅದರ ಗಾಜಿಗೆ ಸಾಹುಕಾರರ ಒಡೆದ ಕನ್ನಡಕ – ಮಂಗಳಮ್ಮನವರು, ಸಾಹುಕಾರರ ಹೆಂಡತಿ, ಕೇಳುವ ಮೊದಲೇ ಸೆರಗಿನ ತುದಿಯಲ್ಲಿ ಕಟ್ಟಿ ತಂದುಕೊಟ್ಟದ್ದು – ಚಕ್ರಕ್ಕೆ ಹಿತ್ತಾಳೆ ಬಳೆ, ಸಂತೆಯಲ್ಲಿ ಐದು ಬಳೆ ಕೊಡವ್ವ ಅಂದರೆ ಬಳೆಗಾರ್ತಿ ಪುಟ್ಟಮಲ್ಲಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು, ಯಾರ್ ಕೈಗೆ ಕಂಠಣ್ಣ ಈ ವಯಸ್ಸಲ್ಲಿ, ಒಂದ್ ಕೈಗೆ ಎಲ್ಡು ಇನ್ನೊಂದಕ್ಕೆ ಮೂರಾ, ಚಕ್ರಕ್ಕೆ ಕಣವ್ವ, ನಾಲ್ಕು ಕೆಳಗೆ, ಪಕ್ಕದಲ್ಲಿ ಕಟ್ಟೋ ಸ್ಟೆಪ್ನಿ ಒಂದು ಅಂದಾಗ ನಗು ನಿಲ್ಲಿಸಿ ಆರನೆಯದನ್ನೂ ಕೈಗೆ ಹಾಕಿದಳು, ಒಂದು ಸೊಟ್ಟಗಾದ್ರೆ ಇರ್ಲಿ ತಗೊಳಣ್ಣ. ಎಲ್ಲ ಮುಗಿಸಿ ನಂಜಣ್ಣನ ಮುಂದೆ ಇಟ್ಟದ್ದು ಮೊನ್ನೆ. ನಂಜಣ್ಣ ಅತ್ತ ತಿರುಗಿಸಿ ಇತ್ತ ತಿರುಗಿಸಿ, ಇದೇನ್ ಕಂಠಣ್ಣ, ಕಾರೋ ಮೊಸಳೆನೋ, ಮೂತಿನೇ ಮುಕ್ಕಾಲು, ಹಿಂದ್ಗಡೆ ಕೂರೋರು ಕಾಲು ಮನೇಲಿ ಬಿಟ್ಟು ಬರ್ಬೇಕಾ, ಅಂದು ಹೊಟ್ಟೆ ಹಿಡಿದು ನಕ್ಕ, ನಕ್ಕಮೇಲೆ ಹುಡುಗನಿಗೆ ಅಯ್ಯೋ ಅನ್ನಿಸಿರಬೇಕು, ದೀಪ ಮಾತ್ರ ಕಣ್ಣು ಬುಟ್ಟಂಗೇ ಅವೆ ಕಣಣ್ಣ ಬುಡು, ಹೊಸ ನಮೂನೆದು ಒಂದು ಮಾಡ್ಕೊಡು, ಮೇಜಿನ ಮೇಲೆ ಇಡ್ತೀನಿ ಅಂದ, ಅದನ್ನು ಏನು ಮಾಡುವುದು, ಒಂದೇ ಮುದ್ದೆ, ಇದಾದರೆ ದೀಪ ದೀಪವೇ, ಮಡ್‌ಗಾರ್ಡು ಮಡ್‌ಗಾರ್ಡೇ, ಒಂದೊಂದೂ ತಾನು ಯಾರೆಂದು ಹೇಳಿಕೊಂಡು ನಿಂತಿದೆ, ಒಂದೊಂದನ್ನೂ ಬೇರೆಬೇರೆ ಕೆತ್ತಿ ಕೂರಿಸಬೇಕು. ಆದರೆ ಮೊಸಳೆ ಅಂದದ್ದು ಸುಳ್ಳಲ್ಲ, ರಾತ್ರಿಯೆಲ್ಲ ಅದೇ ಮಾತು ಕೊರೆಯಿತು, ಬೆಳಗ್ಗೆ ಎದ್ದು ಸೆಣಬಿನ ದಾರಕ್ಕೆ ಗಂಟು ಹಾಕಿಕೊಂಡು ಅಳೆದ, ಮರದ ಬಾನೆಟ್ಟು ಒಂದೂವರೆ ಇಂಚು ಹೆಚ್ಚು ಉದ್ದ, ಹಿಂದಿನ ಸೀಟು ಬೆಕ್ಕು ಕೂರುವಷ್ಟು, ಕೈ ಎಲ್ಲಿ ತಪ್ಪಿತು – ಸ್ಟೇರಿಂಗಿನ ಹಿಂದೆ ಕೂತವನಿಗೆ ಕಾಣುವ ಕಾರು ಇದು, ಅವನ ಕಣ್ಣಿಗೆ ಬಾನೆಟ್ಟೇ ಜಗತ್ತು, ಹಿಂದೆ ಅವನು ಕೂತವನೇ ಅಲ್ಲ, ಒಮ್ಮೆಯೂ, ಬಾಗಿಲು ತೆಗೆದು ನೆಲ ನೋಡುತ್ತ ನಿಂತವನು, ಮೊದಮೊದಲು ಸೀಟು ಒರೆಸಿದ್ದುಂಟು, ಆ ದಿನದ ಮೇಲೆ ಅದೂ ಇಲ್ಲ.

ಆ ದಿನದ ಮೇಲೆ ಬೆಳಗ್ಗೆ ಬಟ್ಟೆ ಹಿಡಿದು ಬರುವಷ್ಟರಲ್ಲಿ ಹಿಂದಿನ ಸೀಟು ಒರೆಸಿ ಆಗಿರುತ್ತಿತ್ತು, ದಿನವೂ, ಯಾರು ಎಂದು ಅವನು ಕೇಳಲಿಲ್ಲ, ಒಮ್ಮೆ ಬೇಗ ಬಂದಾಗ ಮನೆಗೆಲಸದ ಚಿಕ್ಕಬೀರಮ್ಮ ಬಾಗಿಲು ಮುಚ್ಚಿ ಓಡಿದ್ದು ಕಂಡಿತು, ಮಂಗಳಮ್ಮನವರ ಅಪ್ಪಣೆ ಎಂದು ಹೇಳಬೇಕಾದ್ದಿಲ್ಲ. ನಲವತ್ತಮೂರು, ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು, ಮದುವೆಯಾಗಿ ಎಂಟು ವರ್ಷಕ್ಕೆ ಅವನ ಹೆಂಡತಿ ಸುಂದ್ರಮ್ಮನಿಗೆ ದಿನ ತುಂಬಿತ್ತು, ಬೆಳಗ್ಗಿನಿಂದ ನೋವು, ಮಧ್ಯಾಹ್ನಕ್ಕೆ ಸೂಲಗಿತ್ತಿ ಚಿಕ್ಕಸಿದ್ದಮ್ಮ ಹೊರಗೆ ಬಂದು, ನನ್ ಕೈಲಿಲ್ಲ ಕಣಪ್ಪ, ಮೈಸೂರಿಗೆ ಎತ್ಕೊಂಡೋಗು ಅಂದಳು, ಸಾಹುಕಾರರು ಮರುದಿನ ಕಾಕನಕೋಟೆಯ ಮರದ ಹರಾಜಿಗೆ ಹೋಗಬೇಕಾದವರು, ಇದ್ದದ್ದು ಅದಕ್ಕೆಂದು ತಿಂಗಳೆಲ್ಲ ಉಳಿಸಿದ ಒಂದು ಡಬ್ಬ ಪೆಟ್ರೋಲು, ನೋಡ್ತಾ ನಿಂತಿದ್ದೀಯಲ್ಲೋ, ಇರೋದ್ನೆಲ್ಲ ಸುರ್ಕೊಂಡು ಓಗು ಅಂದರು, ಮರುದಿನ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋದರಂತೆ, ಹರಾಜು ಮುಗಿದ ಮೇಲೆ ತಲುಪಿದರಂತೆ, ಅದನ್ನೂ ಅವರು ಹೇಳಲಿಲ್ಲ, ಗಾಡಿ ಹೊಡೆದವನು ಹೇಳಿದ್ದು. ಮಂಗಳಮ್ಮನವರು ಹಿಂದೆ ಹತ್ತಿ ಸುಂದ್ರಮ್ಮನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು, ಹಿಂದಕ್ಕೆ ತಿರುಗ್ಬೇಡ ಕಣೋ ಕಂಠಪ್ಪ, ಹೆಂಗಸರ ಸಮಾಚಾರ, ನೀನು ರಸ್ತೆ ನೋಡು, ಅವನು ಕನ್ನಡಿಯನ್ನೂ ಚಾವಣಿಯ ಕಡೆಗೆ ತಿರುಗಿಸಿಬಿಟ್ಟ, ಮತ್ತೆ ನೋಡಿದ್ದು ಬಾನೆಟ್ಟು, ಬಿಸಿಲಿಗೆ ಹೊಳೆಯುವ ಬಾನೆಟ್ಟು, ಅದರ ತುದಿಯ ರೇಡಿಯೇಟರಿನ ಮುಚ್ಚಳ, ಮುಚ್ಚಳದ ಆಚೆ ರಸ್ತೆ, ಇಪ್ಪತ್ತೆಂಟು ಮೈಲಿ ಬಾನೆಟ್ಟು, ಅದು ಮರದಲ್ಲಿ ಒಂದೂವರೆ ಇಂಚು ಹೆಚ್ಚಾದದ್ದರಲ್ಲಿ ಏನು ಆಶ್ಚರ್ಯ. ಹಿಂದೆ ಮೊದಲು ನರಳಾಟ, ಆಮೇಲೆ ಏನೋ ಪಿಸುಮಾತು, ಇಂಜಿನ್ನಿನ ಸದ್ದಿನಲ್ಲಿ ತಿಳಿಯಲಿಲ್ಲ, ಆಮೇಲೆ ಮಂಗಳಮ್ಮನವರ ದನಿ ಒಂದೇ, ಬಿಳಿಕೆರೆ ಬಂತು ಕಣವ್ವ, ನೋಡು ಕೆರೆ ತುಂಬ್ಯದೆ, ಇಲವಾಲ ಬಂತು ಕಣವ್ವ, ಇನ್ನೇನು ಬಂದೇ ಬುಡ್ತು ತಡ್ಕೊ, ಮಾತು ನಿಲ್ಲಿಸಲೇ ಇಲ್ಲ, ಅವನಿಗೆ ಧೈರ್ಯ ಬಂದಿತ್ತು, ಮಾತಾಡಿಸುತ್ತಿದ್ದಾರಲ್ಲ, ಅಂದರೆ ಕೇಳಿಸಿಕೊಳ್ಳುತ್ತಿದ್ದಾಳೆ, ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೈ ಹಿಡಿದು ನೋಡಿ ಹೋಗಿ ಅರ್ಧ ಗಂಟೆಯ ಮೇಲಾಯಿತಲ್ಲ ಅಂದರು, ತಾಯಿ ಮಗು ಎರಡೂ. ಅರ್ಧ ಗಂಟೆ. ಅರ್ಧ ಗಂಟೆಗೆ ಎಷ್ಟು ಮೈಲಿ, ಯಾವ ಕಲ್ಲಿನ ಹತ್ತಿರ, ಹುಣಸೆ ಮರದ ಸಾಲಿನಲ್ಲೋ ತಿರುವಿನಲ್ಲೋ, ಆ ರಸ್ತೆಯಲ್ಲಿ ಮತ್ತೆ ಹದಿನೈದು ವರ್ಷ ಓಡಿಸಿದ, ಪ್ರತಿ ಕಲ್ಲನ್ನೂ ಕೇಳಿದ, ಮಂಗಳಮ್ಮನವರನ್ನು ಮಾತ್ರ ಕೇಳಲಿಲ್ಲ, ಕೇಳಿದರೆ ಅವರು ಸತ್ತವಳ ಜೊತೆ ಮಾತಾಡಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು, ತನಗಾಗಿ ಆಡಿದ ಮಾತು ಅದು, ಅಷ್ಟು ದೊಡ್ಡದನ್ನು ಹೇಗೆ ಬಿಚ್ಚಿ ನೋಡುವುದು. ಗುಡಿಸಲಿಗೆ ಹೋದರೆ ಒಬ್ಬನೇ, ಒಲೆ ಹೊತ್ತಿಸಿದರೆ ಒಬ್ಬನೇ, ಊಟದ ತಟ್ಟೆ ಒಂದೇ, ಮರದ ಕಾರಿನಲ್ಲಾದರೂ ಹಿಂದಿನ ಸೀಟು ಸರಿಯಾಗಿ ಆದರೆ, ಅವಳಿದ್ದ ಜಾಗ ಎಷ್ಟಗಲ, ಅಲ್ಲಿಂದ ಕಿಟಕಿ ಎಷ್ಟೆತ್ತರ, ಕೊನೆಯಲ್ಲಿ ಏನು ಕಾಣುತ್ತಿತ್ತು ಅವಳಿಗೆ, ಆಕಾಶವೋ, ಚಾವಣಿಯ ಬಟ್ಟೆಯೋ, ಅಷ್ಟು ತಿಳಿದರೆ ಸಾಕು, ಅದಕ್ಕೆ ಒಳಗೆ ಹೋಗಿ ಕೂರಬೇಕು, ಕೂರಲು ಕಾಲು ಬಾರದು, ಹೊತ್ತು ಆಗಲೇ ವಾಲಿದೆ, ಹೊಸ್ತಿಲು ಬಿಟ್ಟು ಏಳಲಾರ.

ಇನ್ನೂ ಇಲ್ಲೇ ಕೂತಿದ್ದೀಯಲ್ಲೋ ಎಂಬ ದನಿ, ಮಂಗಳಮ್ಮನವರು, ಮಜ್ಜಿಗೆಯ ಚೊಂಬು, ಎಪ್ಪತ್ತಕ್ಕೆ ಹತ್ತಿರವಾದ ಬಾಗಿದ ಬೆನ್ನು, ಚೊಂಬಿನ ಬಾಯಿಗೆ ಮುತ್ತುಗದ ಎಲೆ ಮುಚ್ಚಿ ತಂದಿದ್ದಾರೆ ರಸ್ತೆಯ ಧೂಳಿಗೆ. ಅಳತೆ ಆಯ್ತಾ. ಹೊರಗಿಂದು ಆಯ್ತು ಅಮ್ಮಾವ್ರೇ. ಒಳಗಿಂದು. ಅದು ಅಂದಾಜಲ್ಲಿ ಮಾಡ್ತೀನಿ. ನಿನ್ನ ಅಂದಾಜು ನೋಡಿದ್ನಲ್ಲ, ಮೊಸಳೆ, ಏಳು, ಹತ್ತು ಒಳಕ್ಕೆ. ನಾನಾ, ಹಿಂದ್ಗಡೆನಾ, ಎಂಗೆ ಅಮ್ಮಾವ್ರೇ. ಇನ್ನೊಂದು ಗಂಟೆಗೆ ಗುಜರಿಗೆ ಓಗೋ ಸೀಟು ಕಣೋ, ಅದಕ್ಕೆಂಥ ದೊಡ್ಡಸ್ತಿಕೆ, ಹತ್ತು ಅಂದೆ, ಎಂದವರು ಕಾರಿನ ಮುಂದಿನಿಂದ ಸುತ್ತಿ ಬಂದು ಡ್ರೈವರಿನ ಬಾಗಿಲು ತೆಗೆದರು, ಸೀರೆ ಎತ್ತಿ ಹಿಡಿದು ಫುಟ್‌ಬೋರ್ಡಿನ ಮೇಲೆ ಒಂದು ಕಾಲು, ಉಸ್ಸೆಂದು ಇನ್ನೊಂದು, ಸ್ಟೇರಿಂಗಿನ ಹಿಂದೆ ಕೂತೇಬಿಟ್ಟರು, ಇಪ್ಪತ್ತನಾಲ್ಕು ವರ್ಷ ನಿನ್ನ ಸವಾರಿ ಆಯ್ತಲ್ಲ, ಇವತ್ತು ನಾನೇ ಡ್ರೈವರು, ಎಲ್ಲಿಗೆ ಸಾಮಿ ಓಗ್ಬೇಕು, ಪಿರಿಯಾಪಟ್ಟಣಕ್ಕೋ ಮಡಿಕೇರಿಗೋ, ಮಡಿಕೇರಿಯಾದ್ರೆ ಗುಡ್ಡ ಹತ್ತೋವಾಗ ಇಳಿದು ತಳ್ಬೇಕಾಯ್ತದೆ. ಕಂಠಪ್ಪ ನಕ್ಕ, ನಕ್ಕದ್ದು ತಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ನಗುತ್ತಿರುವಾಗಲೇ ಕಾಲು ಒಳಗಿತ್ತು, ಮೈ ಒಳಗಿತ್ತು, ಸೀಟಿನ ಸ್ಪ್ರಿಂಗು ಕಿರ್ರೆಂದಿತು, ಕೂತಾಗಿತ್ತು. ಹಳೆಯ ತೊಗಲು, ಕರ್ಪೂರದ ವಾಸನೆ, ಇಷ್ಟು ಅಗಲವೇ, ಇಷ್ಟು ಮೆತ್ತಗೆಯೇ, ಮೊಣಕಾಲಿನಿಂದ ಮುಂದಿನ ಸೀಟಿಗೆ ದಾರ ಹಿಡಿದ, ಗಂಟು ಹಾಕಿದ, ಒಂದು ಅಡಿಯ ಮೇಲೆ ಎರಡು ಬೆರಳು, ಸೀಟಿನಿಂದ ಕಿಟಕಿಗೆ, ಇನ್ನೊಂದು ಗಂಟು, ಬಾನೆಟ್ಟು ಎಲ್ಲಿ – ಬಾನೆಟ್ಟೇ ಇಲ್ಲ, ಇಲ್ಲಿಂದ ಅದು ಅಂಗೈ ಅಗಲದ ಒಂದು ಕಪ್ಪು, ಅಷ್ಟು ವರ್ಷ ಅಷ್ಟು ದೊಡ್ಡದಾಗಿದ್ದದ್ದು, ಇಲ್ಲಿಂದ ಕಾಣುವುದು ಮುಂದೆ ಕೂತವರ ಹಿಂಬದಿ, ಮಂಗಳಮ್ಮನವರ ಬೆಳ್ಳಗಿನ ಗಂಟು, ಕತ್ತಿನ ಸುಕ್ಕು, ರವಿಕೆಯ ಬೆನ್ನಿನ ಮೇಲೆ ಇಳಿದ ಲಿಂಗದ ದಾರ. ಅವರು ಸ್ಟೇರಿಂಗಿನ ಮೇಲೆ ಎರಡು ಕೈಯಿಟ್ಟು ರಸ್ತೆಯಿಲ್ಲದ ಗೋಡೆ ನೋಡುತ್ತಿದ್ದರು, ಮುಖ ಕಾಣದಿದ್ದಾಗ ಕೆಲವು ಮಾತು ಬರುತ್ತವೆ, ಬಂತು, ನೀನು ಕೇಳ್ಲೇ ಇಲ್ಲ ಕಣೋ.

ಅವಳು ನಿನ್ ಕತ್ತನ್ನೇ ನೋಡ್ತಿದ್ಲು, ಮಂಗಳಮ್ಮನವರು ಗೋಡೆಗೆ ಹೇಳುತ್ತಿದ್ದರು, ನೋವು ಬುಟ್ಟಾಗೆಲ್ಲ ಕಣ್ಣು ಅಲ್ಲಿಗೇ, ಬಿಳಿಕೆರೆ ಇನ್ನೂ ಒಂದು ಮೈಲಿ ಇತ್ತೇನೋ, ಮೆಲ್ಲಗೆ ಬಾಯಿ ಬುಟ್ಲು, ಅವರ ಕಾಲರು ಅರ್ದೋಗ್ಯದೆ ನೋಡಿ ಅಮ್ಮಾವ್ರೇ, ನಾನು ಕಂಡೇ ಇರ್ನಿಲ್ಲ, ಬಿಚ್ಚಿ ತಿರುಗ್ಸಿ ಒಲೀಬೇಕು, ಇಂಗೇ ನಾಕು ಜನದ ಮುಂದೆ ಓಯ್ತಾರೆ ಅಂದ್ಲು, ಅಷ್ಟೇ ಕಣೋ, ಆಮೇಲಿನ ಮಾತೆಲ್ಲ ನಂದೇ, ಸಾವಿನ ಮನೇಲಿ ಕಾಲರ್ ವಿಷ್ಯ ಎಂಗೇಳದು ಅಂತ ಸುಮ್ಕಾದೆ, ಸುಮ್ಕಾಗಿದ್ದು ಹಂಗೇ ವರ್ಷ ಆಗೋಯ್ತು. ಕಾಲರು. ಖಾಕಿ ಅಂಗಿ, ಎರಡಿದ್ದವು, ಯಾವುದು, ಜೇಬಿಗೆ ಮಸಿ ತಾಗಿದ್ದೋ ಇನ್ನೊಂದೋ, ಕನ್ನಡಿಯಲ್ಲಿ ಮುಂದಿನದು ಕಾಣುತ್ತದೆ, ಹಿಂದಿನದು ಯಾವ ಗಂಡಸಿಗೆ ಕಂಡಿದೆ, ಕ್ಷೌರದವನು ಹೇಳಬೇಕು, ಹೆಂಡತಿ ಹೇಳಬೇಕು, ಅವಳು ಸವೆದ ಕಾಲರನ್ನು ಹೊಲಿಗೆ ಬಿಚ್ಚಿ ಒಳಬದಿ ಮೇಲೆ ಬರುವ ಹಾಗೆ ತಿರುಗಿಸಿ ಹೊಲಿಯುತ್ತಿದ್ದಳು, ಹೊಸದೇ ಅನ್ನಬೇಕು, ಬಾಯಲ್ಲಿ ನೂಲು ಕಚ್ಚಿ ಕತ್ತರಿಸುತ್ತಿದ್ದಳು, ಆಕಾಶವಲ್ಲ, ಚಾವಣಿಯಲ್ಲ, ಕಾಲರು, ಹಿಂದೆ ತಿರುಗಬೇಡ ಅಂದರು, ತಿರುಗಲಿಲ್ಲ, ತಿರುಗಿದ್ದರೆ ಕಾಲರು ಕಾಣುತ್ತಿರಲಿಲ್ಲ ಅವಳಿಗೆ, ಅವಳಿಗೆ ಕಾಣುತ್ತಲೇ ಇತ್ತು, ಅವನು ಅಲ್ಲೇ ಇದ್ದ, ಒಂದು ಅಡಿಯ ಮೇಲೆ ಎರಡು ಬೆರಳಿನ ಆಚೆ. ಆಸ್ಪತ್ರೆಯಲ್ಲಿ ಅದೇ ಅಂಗಿ, ವಾಪಸ್ಸು ಬರುವಾಗ ಅದೇ ಅಂಗಿ, ಗಾವಡಗೆರೆಯ ಅವಳ ತೌರಿನ ಹೊಲದಲ್ಲಿ ಮಣ್ಣು ಮಾಡುವ ಗುಳಿಯ ಮುಂದೆ ನಿಂತದ್ದು ಅದೇ ಅಂಗಿಯಲ್ಲಿ, ಹಿಂದೆ ಊರೆಲ್ಲ, ಭಾವಮೈದುನರು, ಅಯ್ಯನವರು, ಹೆಂಗಸರು, ನಾಕು ಜನವಲ್ಲ ನಾನೂರು ಜನ, ಎಲ್ಲರ ಕಣ್ಣ ಮುಂದೆ ಹರಿದ ಕಾಲರು, ಯಾರೂ ಹೇಳಲಿಲ್ಲ, ಆಮೇಲೆ ಆ ಅಂಗಿ ಎಷ್ಟು ದಿನ ತೊಟ್ಟನೋ, ಇನ್ನೊಂದು ವರ್ಷ, ಹಾಗೆಯೇ, ಯಾರೂ ಹೇಳಲಿಲ್ಲ, ಕೊನೆಗೆ ಒರೆಸುವ ಬಟ್ಟೆಯಾಯಿತು. ಗೇಟಿನ ಹತ್ತಿರ ಲಾರಿಯ ಹಾರನ್ನು, ದೇವಯ್ಯನ ಗಂಟಲು, ಎಲ್ಲಿ ನಮ್ ಗಿರಣಿ ಇಂಜಿನ್ನು, ತಯಾರಾ, ಹಗ್ಗ ತಂದಿವ್ನಿ ಕಣ್ರೀ, ಮಂಗಳಮ್ಮನವರು ಮೆಲ್ಲಗೆ ಇಳಿದರು, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದರು, ಸ್ವಲ್ಪ ತಡೀರಿ ದೇವಯ್ಯನೋರೆ, ಒಳಗೆ ಜನ ಅವ್ರೆ ಅನ್ನುವುದು ಕೇಳಿತು, ಜನ ಅವ್ರೆ, ದಾರ ಕಾಲ ಹತ್ತಿರ ಬಿದ್ದಿದೆ, ಎಷ್ಟು ಗಂಟು, ಮೂರೋ ನಾಲ್ಕೋ, ಚಾವಣಿಯ ಎತ್ತರ ಇನ್ನೂ ಆಗಿಲ್ಲ, ಎದುರಿಗೆ ಯಾರೂ ಕೂರದ ಡ್ರೈವರಿನ ಸೀಟು, ಅದರ ಮೇಲೆ ಒಂದು ಕತ್ತು ಇರಬೇಕಾದ ಜಾಗ, ಆ ಜಾಗದಲ್ಲಿ ಒಂದು ಕಾಲರು, ಬಗ್ಗಿ ದಾರ ಎತ್ತಿಕೊಳ್ಳಬೇಕು, ಕೈ ಕೆಳಕ್ಕೆ ಹೋಗಲಿಲ್ಲ, ಹಿಂದಕ್ಕೆ ಹೋಯಿತು, ಕತ್ತಿನ ಹಿಂದಕ್ಕೆ, ಇವತ್ತಿನ ಅಂಗಿ, ಮಡಿಕೆಯ ಮೇಲೆ ಬೆರಳು ಓಡಿ ಒಂದು ಕಡೆ ನಿಂತಿತು, ಅಲ್ಲಿ ಬಟ್ಟೆ ಇಲ್ಲ, ಸವೆದ ಅಂಚು, ಅಂಚಿನಿಂದ ಎದ್ದ ನೂಲು, ಎರಡು ನೂಲು, ಮೂರು, ಕಾಲರು –