ಹಂತಗಳಿಗೆ ಅಂಕವಿಲ್ಲ

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮಾತು ಕೊಟ್ಟಿದ್ದಳು: "ಇನ್ಮೇಲೆ ನಿನಗೋಸ್ಕರ ಯಾರ ಮುಂದೆನೂ ಕೈ ಮುಗಿಯಲ್ಲ ಕಣೆ." ಅವತ್ತು ಅಮ್ಮ ಟೀಚರ್ ಮುಂದೆ ಅಂಗಲಾಚಿದ್ದನ್ನು ಕಂಡು ಇಡೀ ಕ್ಲಾಸು ನಕ್ಕಿತ್ತು. ಮಗಳು ಊಟ ಬಿಟ್ಟು ಮುಸುಕು ಹಾಕಿ ಮಲಗಿದ್ದಳು.

ಈಗ ಅದೇ ಮಗಳ ಪಕ್ಕದಲ್ಲಿ, ಕಾಲೇಜು ಪ್ರವೇಶದ ಸಂದರ್ಶನದ ಕೋಣೆಯಲ್ಲಿ, ಬಟ್ಟೆ ಹೊಲಿದು ಮನೆ ನಡೆಸುವ ಅಮ್ಮ ಕುರ್ಚಿಯ ತುದಿಗೆ ಕೂತಿದ್ದಳು. ಶಾಲೆಯ ಅಂಕಕ್ಕೆ ಅರ್ಧ, ಪ್ರವೇಶ ಪರೀಕ್ಷೆಗೆ ಅರ್ಧ ಎಂಬುದು ಇಲ್ಲಿಯ ಲೆಕ್ಕಾಚಾರ. ಮಗಳು ಶಾಲೆಗೇ ಮೊದಲು ಬಂದವಳು. ಪ್ರವೇಶ ಪರೀಕ್ಷೆಯಲ್ಲಿ ನೆಲ ಕಚ್ಚಿದ್ದಳು.

"ಇಷ್ಟೊಂದು ಅಂತರ ಹೇಗಮ್ಮ?" ಮೇಜಿನಾಚೆ ಕೂತಿದ್ದ ಕನ್ನಡಕದ ಮೇಷ್ಟ್ರು ಕೇಳಿದರು. "ನಿಮ್ಮ ಶಾಲೇಲಿ ಅಂಕ ಪುಕ್ಕಟೆ ಹಂಚ್ತಾರಾ?"

ಪಕ್ಕದ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಅರ್ಧ ಪ್ರಶ್ನೆ ಹಾಗೇ ಉಳೀತು ಸರ್," ಮಗಳು ಅಂದಳು. "ಟೈಮ್ ಆಗೋಯ್ತು."

"ಅಲ್ಲೀವರೆಗೆ ಏನು ಮಾಡ್ತಿದ್ದೆ?"

"ರಫ್ ಹಾಳೇಲಿ ಲೆಕ್ಕ ಬಿಡಿಸ್ತಿದ್ದೆ. ಒಂದು ಹಂತಾನೂ ಬಿಡದೆ."

"ರಫ್ ಹಾಳೆ ಯಾರು ನೋಡ್ತಾರೆ ತಾಯಿ? ಕೊಟ್ಟಿರೋ ನಾಲ್ಕು ಉತ್ತರದಲ್ಲಿ ಸರಿಯಾದ್ದರ ಸೊನ್ನೆ ಕಪ್ಪು ಮಾಡಿದ್ರೆ ಸಾಕಿತ್ತಲ್ಲ!"

ಅಮ್ಮ ಮಗಳ ಬೆರಳುಗಳನ್ನೇ ನೋಡಿದಳು. ಕಚ್ಚಾ ಹೊಲಿಗೆ ಹಾಕದೆ ಮಿಷನ್ನಿಗೆ ಕೊಡಬೇಡ, ಒಳಗಿನ ಹೊಲಿಗೆಯೂ ನೆಟ್ಟಗಿರಬೇಕು ಎಂದು ಬಿಚ್ಚಿಸಿ ಬಿಚ್ಚಿಸಿ ಕಲಿಸಿದವಳು ತಾನೇ. ಶಾಲೆಯಲ್ಲಿ ಹಂತಹಂತಕ್ಕೂ ಅಂಕ ಸಿಕ್ಕು ಆ ಚಾಳಿ ಗಟ್ಟಿಯಾಗಿತ್ತು.

"ಸರ್, ಈಗ್ಲೇ ಒಂದು ಲೆಕ್ಕ ಕೊಟ್ಟು ನೋಡಿ. ಇಲ್ಲೇ ಮಾಡ್ತಾಳೆ."

"ಎಲ್ಲರಿಗೂ ಒಂದೇ ಪರೀಕ್ಷೆ ಅಮ್ಮ. ಶಾಲೆ ಅಂಕಾನೇ ನಂಬೋಣ ಅಂದ್ರೆ ಒಂದೊಂದು ಶಾಲೇದು ಒಂದೊಂದು ಅಳತೆ. ಬೇರೆ ಕಾಲೇಜು ನೋಡಿ."

ಫೀಸಿಲ್ಲದೆ ಕಲಿಸುವ ಬೇರೆ ಕಾಲೇಜು ಎಲ್ಲಿತ್ತು? ಮೇಷ್ಟ್ರು ಆಗಲೇ ಬಾಗಿಲ ಕಡೆ ನೋಡುತ್ತಿದ್ದರು. ಮೇಜಿನ ಕೆಳಗೆ ಮಗಳ ಚಪ್ಪಲಿ ಅಮ್ಮನ ಪಾದವನ್ನು ಒತ್ತಿತು, ಬೇಡ ಎನ್ನುವಂತೆ. ಮತ್ತೂ ಜೋರಾಗಿ ಒತ್ತಿತು.

ಅಮ್ಮ ಎದ್ದು ನಿಂತಳು. ಎರಡೂ ಕೈ ಎದೆಯ ಹತ್ತಿರ ಸೇರಿದ್ದವು. "ನಿಮ್ಮ ದಮ್ಮಯ್ಯ ಸರ್. ಕಾಲಿಗೆ ಬೀಳ್ತೀನಿ. ನನ್ನ ಮಗು ದಡ್ಡಿ ಅಲ್ಲ ಸರ್..."

"ಅಮ್ಮಾ, ಸಾಕು," ಮಗಳು ಹಲ್ಲು ಕಚ್ಚಿ ಅಂದಳು. "ನಡಿ."

ಮೇಡಂ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸತೊಡಗಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮುಂದಿನವರನ್ನು ಕರೆದರು.

ಸೀಟು ಸಿಗಲಿಲ್ಲ. ಅಮ್ಮ ಕೊಟ್ಟ ಮಾತೂ ಉಳಿಯಲಿಲ್ಲ.