ಮನೆಯ ಸಾಲಿನ ದ್ರಾಕ್ಷಿ

ಹೈದರಾಬಾದಿನ ಉಪ್ಪಲ್‌ನ ಲ್ಯಾಬೊಂದರಲ್ಲಿ ನಾನು ಹಣ್ಣು ಅರೆಯುವವಳು. ಅರೆದು, ಅದರಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ಯಂತ್ರಕ್ಕೆ ಹಾಕಿ ಅಳೆಯುವುದು ಕೆಲಸ. ಔಷಧಿ ಎನ್ನುವುದು ರೈತರ ಮಾತು. ಹುಳ ಕೊಲ್ಲುವ ವಿಷಕ್ಕೆ ಇಷ್ಟು ಮರ್ಯಾದೆಯ ಹೆಸರು ಬೇರೆಲ್ಲೂ ಸಿಗಲಿಕ್ಕಿಲ್ಲ.

ಬೀದರ್ ಕಡೆಯ ಕಾಶಿನಾಥರು ದ್ರಾಕ್ಷಿ ತಂದದ್ದು ಮಾರ್ಚ್‌ನಲ್ಲಿ. ನಮ್ಮ ರಿಪೋರ್ಟ್ ಸರಿ ಬಂದರಷ್ಟೇ ಇಡೀ ತೋಟದ ಹಣ್ಣು ದುಬೈಗೆ ಎತ್ತುತ್ತೇನೆ ಎಂದು ವ್ಯಾಪಾರಿ ಹೇಳಿದ್ದನಂತೆ. ಕೌಂಟರಿನಲ್ಲಿ ತೆಲುಗಿಗೆ ತಡವರಿಸುತ್ತಿದ್ದವರು ನನ್ನ ಬಾಯಲ್ಲಿ ಕನ್ನಡ ಕೇಳಿ ಅರಳಿದರು. ನಾವಿರುವುದು ನಾರಾಯಣಗೂಡದಲ್ಲಿ, ಮೂಲ ಕಲಬುರಗಿ ಎಂದೆ. ಅಲ್ಲಿಂದಾಚೆ ನಾನು ಮೇಡಂ ಅಲ್ಲ, ತಂಗಿ.

ಫಲಿತಾಂಶ ನೋಡಿದರೆ ಔಷಧಿಯ ಸುಳಿವೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಮತ್ತೆ ಅರೆದೆ. ಆಗಲೂ ಅದೇ. ಇಂಥವರೊಬ್ಬರಾದರೂ ಇದ್ದಾರಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು. ಅವರನ್ನು ಕರೆಸಿ, ಹುಳಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಇವಕ್ಕ ಏನೂ ಹೊಡಿಯಂಗಿಲ್ಲ ತಂಗಿ," ಎಂದರು ಹೆಮ್ಮೆಯಿಂದ. "ಇದು ಮನಿ ಮುಂದಿನ ಸಾಲು. ನಾವು, ಬೀಗರು ತಿನ್ನೂದು. ನಿಮ್ಮಂಥವ್ರ ಕೈಯಾಗ ತೋಟದ್ದು ಹ್ಯಾಂಗ ಕೊಡ್ಲಿ?"

ಮೋಸವಲ್ಲ, ಅದು ಮರ್ಯಾದೆ. ಲ್ಯಾಬನ್ನೂ ಬೀಗರ ಮನೆ ಎಂದುಕೊಂಡು ಇದ್ದುದರಲ್ಲಿ ಒಳ್ಳೆಯದನ್ನೇ ತಂದಿದ್ದರು. ನಗು ಬಂತು. ಹಾಗಾದರೆ ತೋಟದ್ದು ಯಾರ ಹೊಟ್ಟೆಗೆ ಎಂದು ಬೆನ್ನಿಗೇ ಸಿಟ್ಟೂ ಬಂತು, ನನಗದು ಮೂಗಿನ ತುದಿಯಲ್ಲೇ ಇರುತ್ತದೆ. ಈ ರಿಪೋರ್ಟಿಗೆ ಸಹಿ ಹಾಕುವುದಿಲ್ಲ, ಮಾರುವ ಹಣ್ಣನ್ನೇ ತೋಟದ ಎಲ್ಲ ಕಡೆಯಿಂದ ಕಿತ್ತು ತನ್ನಿ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದರು.

ಹೇಳಿದಂತೆಯೇ ತಂದರು. ಈ ಸಲ ಔಷಧಿ ಮಿತಿಗಿಂತ ಎಷ್ಟೋ ಮೇಲಿತ್ತು. ದುಬೈ ವ್ಯಾಪಾರ ಅಲ್ಲಿಗೆ ಮುಗಿಯಿತು. ಕಾಶಿನಾಥರು ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಇಲ್ಲಿ ಹೈದರಾಬಾದ್ ಪ್ಯಾಟ್ಯಾಗ ಈ ರಿಪೋರ್ಟ್ ಕೇಳ್ತಾರೇನು?"

ಹೌದು ಎಂದುಬಿಡಬಹುದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಯಾರೂ ಕೇಳೂದಿಲ್ರಿ. ನಾನೂ ಕೇಳೂದಿಲ್ಲ. ಮನಿ ಹತ್ರ ದ್ರಾಕ್ಷಿ ಬಂಡಿ ಬರ್ತದ, ತಗೋತೀನಿ. ಏಕಾದಶಿ ದಿನ ನಮ್ಮಜ್ಜಿಗೆ ಅದೇ ಊಟ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗ ಸೂರ್ಯಕಾಂತನಿಗೆ ಫೋನ್ ಹಚ್ಚಿ, ಕೊಯ್ಯಲು ಬಂದ ಆಳುಗಳನ್ನು ವಾಪಸ್ ಕಳಿಸು, ಔಷಧಿ ಇಳಿಯುವವರೆಗೆ ಹಣ್ಣು ಬಳ್ಳಿಯಲ್ಲೇ ಇರಲಿ ಎಂದರು. ಅಷ್ಟರಲ್ಲಿ ಅರ್ಧ ಹಣ್ಣು ಉದುರಿ ಹಾಳಾಗುತ್ತದೆ ಎಂದು ಮಗ ಅತ್ತ ಕೂಗಾಡುತ್ತಿದ್ದದ್ದು ನನಗೂ ಕೇಳಿಸಿತು.

"ಉದುರಿದ್ರ ಉದುರ್ಲಿ," ಎಂದರು ಕಾಶಿನಾಥರು. "ಇಲ್ಲೊಬ್ಬಾಕಿ ಮುದುಕಿ ಉಪಾಸ ಇದ್ದು ತಿಂತಾಳಪಾ."